ಬೊಗಸೆಗೆ ತಕ್ಕ ಗ್ಲೌಸ್

ಕ್ರಿಕೆಟ್ ಮೈದಾನದಲ್ಲಿ ಚೆಂಡು ತಡೆಯಲು ನಿಲ್ಲುವ ಹನ್ನೊಂದು ಮಂದಿಯಲ್ಲಿ ಕೈಗೆ ಗ್ಲೌಸ್ ಹಾಕಿಕೊಂಡು, ಕಾಲಿಗೆ ಹೊರಗೆ ಕಾಣುವಂತೆ ಪ್ಯಾಡ್ ಕಟ್ಟಿಕೊಂಡು ನಿಲ್ಲುವ ಹಕ್ಕನ್ನು ಆಟದ ನಿಯಮವು ವಿಕೆಟ್ ಕೀಪರ್‌ಗೆ ಮಾತ್ರ ಕೊಟ್ಟಿದೆ. ಸ್ಟಂಪುಗಳ ಹಿಂದೆ ಕುಕ್ಕರುಗಾಲಿನಲ್ಲಿ ಕುಳಿತು, ಎರಡೂ ಕೈಗಳ ಕಿರುಬೆರಳಿನ ಅಂಚುಗಳನ್ನು ಕೂಡಿಸಿ, ತೀರ್ಥಕ್ಕೆ ಒಡ್ಡಿದ ಹಾಗೆ ಬೊಗಸೆ ಮಾಡಿ ಚೆಂಡನ್ನು ಎದುರುಗೊಳ್ಳುವುದು ಆ ಆಟಗಾರನ ಕೆಲಸ. ಗ್ಲೌಸ್ ಎನ್ನುವುದು ಆ ಬೊಗಸೆಗೆ ಹೊದಿಸಿದ ತೊಗಲು ಮತ್ತು ರಬ್ಬರಿನ ಹೊದಿಕೆಯಾಗಿರುವುದರಿಂದ, ಬೊಗಸೆಯ ಆಕಾರವನ್ನು ಕೆಡಿಸದೆ ಅದನ್ನು ಕಾಪಾಡುವುದು ಹೇಗೆ ಎಂಬ ಪ್ರಶ್ನೆಯಿಂದಲೇ ಮಗುವಿಗೆ ಗ್ಲೌಸ್ ಆರಿಸುವ ವಿಚಾರವನ್ನು ಆರಂಭಿಸಬೇಕಾಗುತ್ತದೆ.

ಅಮೆರಿಕ ಮತ್ತು ಜಪಾನಿನಲ್ಲಿ ಬಹಳ ಜನಪ್ರಿಯವಾದ ಬೇಸ್‌ಬಾಲ್ ಆಟದಲ್ಲಿ ಇದೇ ರೀತಿ ಹಿಂದೆ ಕುಳಿತು ಚೆಂಡು ಹಿಡಿಯುವವನಿಗೆ ಕ್ಯಾಚರ್ ಎಂದು ಹೆಸರು. ಅವನು ಒಂದೇ ಕೈಗೆ, ಬೆರಳುಗಳು ಬೇರೆಯಾಗಿರದ, ದಪ್ಪ ಮೆತ್ತೆ ತುಂಬಿದ ದೊಡ್ಡ ಗವಸನ್ನು ತೊಟ್ಟು, ಇನ್ನೊಂದು ಕೈಯನ್ನು ಚೆಂಡು ಎಸೆಯುವುದಕ್ಕೆಂದು ಖಾಲಿ ಬಿಟ್ಟುಕೊಳ್ಳುತ್ತಾನೆ. ಅಲ್ಲಿ ಚೆಂಡನ್ನು ಬಹುಮಟ್ಟಿಗೆ ಗವಸೇ ಹಿಡಿಯುತ್ತದೆ. ಕ್ರಿಕೆಟ್‌ನಲ್ಲಿ ಹಿಡಿಯುವುದು ಕೈ. ಬೆರಳುಗಳ ಬುಡದ ಮೆತ್ತನೆಯ ಭಾಗಕ್ಕೆ ಚೆಂಡು ತಾಗಿದ ಕ್ಷಣದಲ್ಲಿ ತೋಳು ತುಸು ಹಿಂದಕ್ಕೆ ಸರಿದು ಚೆಂಡಿನ ವೇಗವನ್ನು ಹೀರಿಕೊಳ್ಳಬೇಕಾದ್ದರಿಂದ, ಗ್ಲೌಸ್ ಅತಿ ದಪ್ಪವಾದಷ್ಟೂ ಚೆಂಡು ಕೈಗೆ ಬಂದ ಸುಳಿವು ತಡವಾಗಿ ತಿಳಿಯುತ್ತದೆ. ನೋವಾಗಬಾರದೆಂಬ ಅಕ್ಕರೆಯಿಂದ ತಂದೆತಾಯಿಗಳು ಅಂಗಡಿಯಲ್ಲಿ ಎಲ್ಲಕ್ಕಿಂತ ದಪ್ಪನೆಯದನ್ನು ಆರಿಸುವುದು ಸಹಜವಾದರೂ, ಆ ದಪ್ಪವೇ ಮಗುವಿನ ಕೈಯನ್ನು ಮಂಕು ಮಾಡುತ್ತದೆ.

ತೆಂಗಿನ ಸೀಮೆಯಾದ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಮಕ್ಕಳು ತೆಂಗಿನ ಗರಿಯ ಬುಡದ ಅಗಲವಾದ ಮಟ್ಟೆಯನ್ನು ಬ್ಯಾಟಾಗಿ ಕೆತ್ತಿಕೊಂಡು, ತೋಟದ ಅಂಚಿನ ಬಯಲಿನಲ್ಲೋ ಒಣಗಿದ ಕೆರೆಯಂಗಳದಲ್ಲೋ ಟೆನಿಸ್ ಬಾಲಿನಿಂದ ಆಟ ಕಲಿಯುತ್ತಾರೆ. ಟೆನಿಸ್ ಬಾಲಿನ ತೂಕ 56ರಿಂದ 59.4 ಗ್ರಾಂ. ಅದನ್ನು ಹಿಡಿಯಲು ಗ್ಲೌಸ್ ಬೇಕಿಲ್ಲ. ಹಗುರವಾದ ಆ ಚೆಂಡು ದಪ್ಪ ಗ್ಲೌಸಿಗೆ ಬಡಿದು ಪುಟಿದು ಹೊರಬೀಳುವುದೇ ಹೆಚ್ಚು. ಬರಿಗೈಯಲ್ಲಿ ಟೆನಿಸ್ ಬಾಲ್ ಹಿಡಿದು ಬೆಳೆದ ಮಗುವಿಗೆ ಮೃದುವಾಗಿ ಕೈಯೊಡ್ಡುವ ಅಭ್ಯಾಸ ತಾನಾಗಿಯೇ ಬಂದಿರುತ್ತದೆ, ಮತ್ತು ಅದಕ್ಕಿಂತ ಒಳ್ಳೆಯ ಪಾಠ ಬೇರೆ ಇಲ್ಲ. ಗ್ಲೌಸಿನ ಅಗತ್ಯ ಹುಟ್ಟುವುದು ಶಾಲಾ ತಂಡಕ್ಕೋ ತರಬೇತಿ ಶಿಬಿರಕ್ಕೋ ಸೇರಿ ಲೆದರ್ ಬಾಲ್ ಆಡತೊಡಗಿದ ದಿನ. ದೊಡ್ಡವರ ಲೆದರ್ ಬಾಲ್ 155.9ರಿಂದ 163 ಗ್ರಾಂ ತೂಗುತ್ತದೆ. ಹೆಣ್ಣುಮಕ್ಕಳ ಆಟದ ಚೆಂಡು 140ರಿಂದ 151 ಗ್ರಾಂ, ಹದಿಮೂರು ವರ್ಷದೊಳಗಿನವರದು 133ರಿಂದ 144 ಗ್ರಾಂ ಇರಬೇಕೆಂದು ನಿಯಮದಲ್ಲಿದೆ. ಹತ್ತು ವರ್ಷದ ಮಗುವಿನ ಕೈಗೆ ದೊಡ್ಡವರ ಚೆಂಡನ್ನು ಎಸೆದು, ಪೆಟ್ಟು ತಪ್ಪಿಸಲು ದೊಡ್ಡ ಗ್ಲೌಸ್ ತೊಡಿಸುವುದಕ್ಕಿಂತ ಚೆಂಡನ್ನೇ ವಯಸ್ಸಿಗೆ ಹೊಂದಿಸುವುದು ಸರಿಯಾದ ಕ್ರಮ.

ಈ ಸೀಮೆಯ ಮಟ್ಟಿಗೆ ಇನ್ನೊಂದು ಸಂಗತಿಯನ್ನು ಬಿಡಿಸಿ ನೋಡಲೇಬೇಕು. ಹುಲ್ಲು ಬೆಳೆಸಿ, ನೀರುಣಿಸಿ, ರೋಲರ್ ಹೊರಳಿಸಿ ಕಾಪಾಡುವ ಪಿಚ್ ಸಣ್ಣ ಊರುಗಳಿಗೆ ನಿಲುಕದ್ದಾದ್ದರಿಂದ, ಗಟ್ಟಿ ಮಾಡಿದ ಮಣ್ಣಿನ ಅಥವಾ ಸಿಮೆಂಟಿನ ಪಟ್ಟಿಯ ಮೇಲೆ ಚಾಪೆ ಹಾಸಿ ಆಡುವುದು ಕರ್ನಾಟಕದಲ್ಲಿ ಬಹುಕಾಲದಿಂದ ಬಂದ ರೂಢಿ. ಇದನ್ನೇ ಮ್ಯಾಟ್ ಪಿಚ್ ಎನ್ನುತ್ತಾರೆ. ಚಾಪೆಯಲ್ಲಿ ಎರಡು ಬಗೆ: ಸೆಣಬಿನದು ಒಂದು, ತೆಂಗಿನ ನಾರಿನದು ಇನ್ನೊಂದು. ಬಲಿತ ಕಾಯಿಯ ಸಿಪ್ಪೆಯಿಂದ ಬರುವ ಕಂದು ನಾರು, ಅಂದರೆ ತಿಪಟೂರಿನ ಸುತ್ತಿನ ನಾರಿನ ಕಾರ್ಖಾನೆಗಳ ಅಂಗಳದಲ್ಲಿ ಒಣಗಲು ಹರಡಿರುವಂಥದ್ದೇ ನಾರು, ಬಿರುಸಾದುದು ಮತ್ತು ಪುಟಿಯುವ ಗುಣವುಳ್ಳದ್ದು. ಅದರ ಚಾಪೆಯನ್ನು ಗೂಟ ಹೊಡೆದು ಬಿಗಿಯಾಗಿ ಎಳೆದು ಕಟ್ಟಿದರೆ ಚೆಂಡು ಎತ್ತರಕ್ಕೂ ವೇಗವಾಗಿಯೂ ಏಳುತ್ತದೆ. ಕಟ್ಟು ಸಡಿಲವಾದರೆ ಚೆಂಡು ನಾರನ್ನು ಕಚ್ಚಿ ಹಿಡಿದು ಹೆಚ್ಚು ತಿರುಗುತ್ತದೆ. ಚಾಪೆಯ ಮೇಲೆ ಸ್ಪಿನ್ ಬೌಲರುಗಳು ಎಷ್ಟು ಬಲಶಾಲಿಗಳಾಗುತ್ತಾರೆ ಎಂಬುದಕ್ಕೆ ದೂರದ ನಿದರ್ಶನವೊಂದಿದೆ: 1905-06ರಲ್ಲಿ ದಕ್ಷಿಣ ಆಫ್ರಿಕಾದ ಚಾಪೆ ಪಿಚ್‌ಗಳಲ್ಲಿ ಗೂಗ್ಲಿ ಬೌಲರುಗಳ ಬಲದಿಂದ ಆ ತಂಡ ಇಂಗ್ಲೆಂಡನ್ನು 4-1ರಿಂದ ಸೋಲಿಸಿತು, ಮತ್ತು ಆ ಬೌಲರುಗಳಿಗೆ ಸ್ಟಂಪಿನ ಹಿಂದೆ ನಿಂತಿದ್ದವನು ನಾಯಕ ಪರ್ಸಿ ಶೆರ್ವೆಲ್.

ಚಾಪೆಯ ಮೇಲೆ ಆಡುವ ಮಗು ಸೊಂಟಕ್ಕಿಂತ ಮೇಲೆ, ಕೆಲವೊಮ್ಮೆ ಎದೆಯ ಮಟ್ಟದಲ್ಲಿ ಚೆಂಡು ಹಿಡಿಯಬೇಕಾಗುತ್ತದೆ. ಸೊಂಟದ ಕೆಳಗೆ ಬಂದ ಚೆಂಡಿಗೆ ಬೆರಳುಗಳು ನೆಲದ ಕಡೆಗೆ ಚಾಚಿರುತ್ತವೆ. ಎದೆಯ ಮಟ್ಟಕ್ಕೆ ಬಂದಾಗ ಮಣಿಕಟ್ಟು ಹೊರಳಿ ಬೆರಳುಗಳು ಆಕಾಶದ ಕಡೆಗೋ ಪಕ್ಕಕ್ಕೋ ತಿರುಗಬೇಕು. ಈ ಹೊರಳು ಅರೆಕ್ಷಣ ತಡವಾದರೂ ಚೆಂಡು ನೇರವಾಗಿ ಬೆರಳ ತುದಿಗೆ ಬಡಿಯುತ್ತದೆ. ಆದ್ದರಿಂದ ಇಲ್ಲಿನ ಮಕ್ಕಳ ಗ್ಲೌಸಿನಲ್ಲಿ ಮೊದಲು ನೋಡಬೇಕಾದದ್ದು ಅಂಗೈಯ ಮೆತ್ತೆಯನ್ನಲ್ಲ, ಮಣಿಕಟ್ಟಿನ ಸಡಿಲಿಕೆಯನ್ನು ಮತ್ತು ಬೆರಳ ತುದಿಯ ಭದ್ರತೆಯನ್ನು. ಮಣಿಕಟ್ಟನ್ನು ಸುತ್ತುವರಿಯುವ ಪಟ್ಟಿಗೆ ಕಫ್ ಎನ್ನುತ್ತಾರೆ. ಅದು ತೀರ ಉದ್ದವಾಗಿಯೂ ಬಿರುಸಾಗಿಯೂ ಇದ್ದರೆ ಕೈ ಹೊರಳುವುದಿಲ್ಲ. ಬೆರಳ ತುದಿಯ ಒಳಗೆ ಗಟ್ಟಿಯಾದ ಪುಟ್ಟ ಟೋಪಿಗಳನ್ನು ಹೊಲಿದಿರುತ್ತಾರೆ, ಹೆಬ್ಬೆರಳಿನದಂತೂ ವಿಶೇಷವಾಗಿ ಗಟ್ಟಿಯಾಗಿರಬೇಕು. ಟೋಪಿಯೊಳಗೆ ಬೆರಳು ಸಲೀಸಾಗಿ ಸೇರಿ, ಅದರ ಅಂಚು ಉಗುರಿನ ಬುಡಕ್ಕೆ ಒತ್ತದಂತಿದ್ದರೆ ಅದು ತಕ್ಕ ಅಳತೆ.

ಅಳತೆಯ ವಿಚಾರಕ್ಕೆ ಬಂದರೆ, ಬೆಳೆಯುವ ಮಕ್ಕಳೆಂದು ಅಂಗಿ, ಚಡ್ಡಿ, ಬೂಟುಗಳನ್ನು ಒಂದು ಅಳತೆ ದೊಡ್ಡದಾಗಿಯೇ ಕೊಳ್ಳುವುದು ಮನೆಮನೆಯ ಲೆಕ್ಕಾಚಾರ. ಕೊಬ್ಬರಿಯ ಧಾರಣೆ ಏರಿಳಿಯುವ ಊರಿನಲ್ಲಿ ಆ ಲೆಕ್ಕ ತಪ್ಪೆನ್ನಲು ಯಾರಿಗೂ ಬಾಯಿ ಬಾರದು. ಆದರೆ ಕೀಪಿಂಗ್ ಗ್ಲೌಸಿಗೆ ಆ ಲೆಕ್ಕ ಹೊಂದುವುದಿಲ್ಲ. ದೊಡ್ಡ ಗ್ಲೌಸಿನೊಳಗೆ ಬೆರಳು ತುದಿಯವರೆಗೆ ಮುಟ್ಟದಿರುವುದರಿಂದ ಚೆಂಡು ಬಿದ್ದಾಗ ಖಾಲಿ ತುದಿ ಹಿಂದಕ್ಕೆ ಮಡಚಿ ಚೆಂಡು ಜಾರುತ್ತದೆ. ಇಡೀ ಗ್ಲೌಸ್ ಕೈಯ ಮೇಲೆ ತಿರುಗಿ, ಮೆತ್ತೆ ಇರಬೇಕಾದ ಜಾಗ ಸರಿದು, ಹೆಬ್ಬೆರಳಿನ ಬುಡದ ಮೂಳೆಗೇ ಪೆಟ್ಟು ಬೀಳುತ್ತದೆ. ಇದಕ್ಕಿಂತ ಹೆಚ್ಚಿನ ಹಾನಿ ಕಣ್ಣಿಗೆ ಕಾಣದ್ದು: ಸಡಿಲ ಗ್ಲೌಸಿನಲ್ಲಿ ಚೆಂಡು ನಿಲ್ಲುವುದಿಲ್ಲವೆಂದು ತಿಳಿದ ಮಗು ಅದನ್ನು ಬರಮಾಡಿಕೊಳ್ಳುವ ಬದಲು ಚಪ್ಪಾಳೆ ತಟ್ಟಿದಂತೆ ಅವಸರದಿಂದ ಕಸಿಯಲು ಕಲಿಯುತ್ತದೆ, ಮತ್ತು ಹಾಗೆ ಕಲಿತ ಕೈಯನ್ನು ಮುಂದೆ ತಿದ್ದುವುದು ಬಹಳ ಕಷ್ಟ. ಎರಡು ವರ್ಷ ಬರಲೆಂದು ದುಬಾರಿಯಾದ ದೊಡ್ಡ ಜೊತೆಯೊಂದನ್ನು ಕೊಳ್ಳುವ ಹಣದಲ್ಲಿ, ಈ ವರ್ಷಕ್ಕೊಂದು ಮುಂದಿನ ವರ್ಷಕ್ಕೊಂದು ಎಂದು ಕೈಗೆ ಹೊಂದುವ ಸಾಧಾರಣ ಜೊತೆಗಳನ್ನು ಕೊಳ್ಳುವುದೇ ಲಾಭ.

ಗ್ಲೌಸಿನ ಮೇಲೆ ಮುದ್ರಿಸಿರುವ ಬಾಲಕರ, ಯುವಕರ, ದೊಡ್ಡವರ ಎಂಬ ಅಳತೆಗಳು ತಯಾರಕರಿಂದ ತಯಾರಕರಿಗೆ ಬದಲಾಗುತ್ತವೆ. ಕ್ರೀಡಾ ಸಾಮಗ್ರಿಗೆ ಹೆಸರಾದ ಮೀರತ್ತಿನ ಒಂದು ಕಂಪನಿಯ ಬಾಲಕರ ಅಳತೆ ಜಾಲಂಧರದ ಇನ್ನೊಂದು ಕಂಪನಿಯದರಷ್ಟೇ ಇರಬೇಕೆಂಬ ನಿಯಮವಿಲ್ಲ. ಮಣಿಕಟ್ಟಿನ ಗೆರೆಯಿಂದ ನಡುಬೆರಳ ತುದಿಯವರೆಗೆ ಕೈಯನ್ನು ಅಳೆದಿಟ್ಟುಕೊಳ್ಳುವುದು ಒಳ್ಳೆಯದಾದರೂ, ಮಗುವನ್ನು ಕರೆದುಕೊಂಡು ತುಮಕೂರಿಗೋ ಬೆಂಗಳೂರಿಗೋ ಹೋಗಿ ತೊಟ್ಟು ನೋಡಿ ಕೊಳ್ಳುವುದಕ್ಕೆ ಸಮನಾದದ್ದು ಇಲ್ಲ. ತೊಡುವಾಗ ಒಳಗ್ಲೌಸ್ ಹಾಕಿಯೇ ತೊಡಬೇಕು. ಬೆವರು ಹೀರಿಕೊಳ್ಳಲೂ ಪೆಟ್ಟನ್ನು ತುಸು ತಗ್ಗಿಸಲೂ ಒಳಗೆ ಹಾಕಿಕೊಳ್ಳುವ ಹತ್ತಿಯ ಅಥವಾ ಮೆದು ತೊಗಲಿನ ತೆಳು ಗ್ಲೌಸೇ ಒಳಗ್ಲೌಸ್. ಅಂಗಡಿಯವರು ಅದನ್ನು ಇನ್ನರ್ ಎನ್ನುತ್ತಾರೆ. ಅದನ್ನು ಮರೆತು ಅಳತೆ ನೋಡಿದರೆ ಮನೆಗೆ ಬಂದ ಮೇಲೆ ಗ್ಲೌಸ್ ಬಿಗಿಯಾಗುತ್ತದೆ. ಎರಡೂ ಕೈಗೆ ತೊಟ್ಟು ಬೊಗಸೆ ಮಾಡಿದಾಗ ನಡುವೆ ಸಂದಿ ಬೀಳದೆ ಕೂಡಬೇಕು, ಕೈ ಕೊಡವಿದರೆ ಕಳಚಬಾರದು, ಎರಡು ಹೆಜ್ಜೆ ದೂರದಿಂದ ಚೆಂಡೆಸೆದು ಹಿಡಿಸಿದಾಗ ಗ್ಲೌಸ್ ಕೈಯ ಮೇಲೆ ತಿರುಗಬಾರದು. ಸ್ವಲ್ಪ ಸಡಿಲವಿದ್ದರೆ ದಪ್ಪನೆಯ ಒಳಗ್ಲೌಸ್ ಹೊಂದಿಸಬಹುದು, ಆದರೆ ಬೆರಳಿನ ಉದ್ದ ಹೆಚ್ಚಾಗಿದ್ದರೆ ಯಾವ ಒಳಗ್ಲೌಸೂ ಅದನ್ನು ಸರಿಪಡಿಸದು.

ಅಂಗೈ ಭಾಗಕ್ಕೆ ಸಣ್ಣ ಸಣ್ಣ ಮೊನೆಗಳೆದ್ದ ರಬ್ಬರನ್ನು ಅಂಟಿಸಿ ಹೊಲಿದಿರುತ್ತಾರೆ. ಆ ಮೊನೆಗಳಿಂದ ಚೆಂಡು ಜಾರದೆ ನಿಲ್ಲುತ್ತದೆ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಮಾತ್ರ ಪರದೆಯಂಥ ಒಂದು ತುಂಡು ಇರಬಹುದು, ಅದನ್ನು ವೆಬ್ ಎನ್ನುತ್ತಾರೆ. ನಿಯಮದ 27ನೆಯ ವಿಧಿಯಂತೆ ಅದು ಹಿಗ್ಗದ ಒಂದೇ ತುಂಡಿನದಾಗಿರಬೇಕು, ಹೆಬ್ಬೆರಳನ್ನು ಪೂರ್ತಿ ಚಾಚಿದಾಗ ಬಿಗಿಯಾಗಿರಬೇಕು, ಮತ್ತು ಅದರ ಮೇಲಂಚು ಎರಡು ಬೆರಳ ತುದಿಗಳನ್ನು ಸೇರಿಸುವ ನೇರಗೆರೆಯನ್ನು ದಾಟಬಾರದು. ಗ್ಲೌಸು ಬಲೆಯಾಗಿ ಮಾರ್ಪಟ್ಟು ಕೈಯ ಕೆಲಸವನ್ನು ತಾನೇ ಮಾಡಬಾರದೆಂಬುದೇ ಈ ಕಟ್ಟುಪಾಡಿನ ಉದ್ದೇಶವೆಂಬುದು ಸ್ಪಷ್ಟ.

ಕನ್ನಡನಾಡು ಹಿರಿಯ ವಿಕೆಟ್ ಕೀಪರುಗಳ ನಾಡು, ಮತ್ತು ಅವರಲ್ಲಿ ಕೆಲವರು ಆರಂಭಿಸಿದ್ದು ಸ್ವಂತ ಗ್ಲೌಸಿಲ್ಲದೆ. ಮೂಲ್ಕಿಯಲ್ಲಿ ಹುಟ್ಟಿದ ಬುಧಿ ಕುಂದರನ್ 1960ರ ಜನವರಿಯಲ್ಲಿ ಮುಂಬಯಿಯಲ್ಲಿ ಆಸ್ಟ್ರೇಲಿಯಾದ ಎದುರು ಮೊದಲ ಟೆಸ್ಟ್ ಆಡಲು ಇಳಿದಾಗ ಅವರಲ್ಲಿ ಸ್ವಂತ ಗ್ಲೌಸ್ ಇರಲಿಲ್ಲ. ಯಾರ ಸ್ಥಾನಕ್ಕೆ ಅವರು ಬಂದಿದ್ದರೋ ಆ ನರೇನ್ ತಮ್ಹಾಣೆಯವರ ಗ್ಲೌಸ್ ಕಡ ತಂದು ತೊಟ್ಟಿದ್ದರು. ಬೀದಿಯಲ್ಲಿ ಆಡುತ್ತಿದ್ದ ಬಾಲ್ಯದಲ್ಲಿ ಇಟ್ಟಿಗೆಗಳನ್ನೇ ಗ್ಲೌಸಾಗಿ ಹಿಡಿದು ಚೆಂಡು ತಡೆಯುತ್ತಿದ್ದುದನ್ನು ಸೈಯದ್ ಕಿರ್ಮಾನಿಯವರು ಹೇಳಿಕೊಂಡಿದ್ದಾರೆ. ಚಂದ್ರಶೇಖರ್ ಮತ್ತು ಪ್ರಸನ್ನರಂಥ ಸ್ಪಿನ್ನರುಗಳಿಗೆ ಕರ್ನಾಟಕದ ತಂಡದಲ್ಲಿ ಸ್ಟಂಪಿನ ಹಿಂದೆ ನಿಂತ ಅದೇ ಕೈಗಳು 1976ರಲ್ಲಿ, ತಮ್ಮ ಎರಡನೆಯ ಟೆಸ್ಟಿನಲ್ಲೇ, ಕ್ರೈಸ್ಟ್‌ಚರ್ಚ್‌ನಲ್ಲಿ ಒಂದೇ ಇನಿಂಗ್ಸಿನಲ್ಲಿ ಆರು ಮಂದಿಯನ್ನು ಔಟ್ ಮಾಡಿದವು. 88 ಟೆಸ್ಟುಗಳಲ್ಲಿ 198 ಮಂದಿಯನ್ನು ಹಿಂದಕ್ಕೆ ಕಳಿಸಿದವು. ಬೆಂಗಳೂರಿನ ಕರುಣಾ ಜೈನ್ ಅವರು ಭಾರತದ ಮಹಿಳಾ ತಂಡಕ್ಕೆ ವರ್ಷಗಟ್ಟಲೆ ಕೀಪರ್ ಆಗಿದ್ದುದನ್ನು ನೆನೆದರೆ, ಕೀಪಿಂಗ್ ಕಲಿಯಬಯಸುವ ಹೆಣ್ಣುಮಗುವಿಗೆ ಅಣ್ಣನ ಹಳೆಯ ಗ್ಲೌಸನ್ನೇ ಕೊಟ್ಟು ಸಾಕೆನ್ನುವ ಮನೆಗಳು ಇನ್ನೊಮ್ಮೆ ಯೋಚಿಸಬೇಕು. ಆ ಕೈಯ ಅಳತೆಯೂ ಬೇರೆ, ಆ ಆಟದ ಚೆಂಡೂ ಬೇರೆ.

ಕೈಗಿಂತ ಮೊದಲು ಮುಖದ ರಕ್ಷಣೆಯನ್ನು ಯೋಚಿಸಬೇಕೆಂಬ ಮಾತನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ. 2000ದ ಮೇ ತಿಂಗಳಲ್ಲಿ ಢಾಕಾದಲ್ಲಿ ಅನಿಲ್ ಕುಂಬ್ಳೆಯವರ ಎಸೆತಕ್ಕೆ ಕೀಪಿಂಗ್ ಮಾಡುತ್ತಿದ್ದಾಗ ಸಬಾ ಕರೀಂ ಅವರ ಬಲಗಣ್ಣಿಗೆ ಚೆಂಡು ತಗಲಿತು. 2012ರಲ್ಲಿ ಇಂಗ್ಲೆಂಡಿನ ಟಾಂಟನ್‌ನಲ್ಲಿ ಸ್ಟಂಪಿನ ಮೇಲಿನಿಂದ ಹಾರಿದ ಬೇಲ್ ಕಣ್ಣಿಗೆ ಬಡಿದು ದಕ್ಷಿಣ ಆಫ್ರಿಕಾದ ಮಾರ್ಕ್ ಬೌಚರ್ ಆಟವನ್ನೇ ಬಿಡಬೇಕಾಯಿತು. ಇಬ್ಬರೂ ಪಳಗಿದ ಕೀಪರುಗಳು. ಚಾಪೆಯ ಮೇಲೆ ಸ್ಪಿನ್ ಬೌಲರಿಗೆ ಸ್ಟಂಪಿನ ಹತ್ತಿರವೇ ನಿಲ್ಲುವ ಮಗುವಿಗೆ ಮುಂಭಾಗದಲ್ಲಿ ಕಂಬಿಯುಳ್ಳ ಹೆಲ್ಮೆಟ್ ಇರಲೇಬೇಕು. ಕೈಯಲ್ಲಿರುವ ಹಣ ಎರಡಕ್ಕೂ ಸಾಲದಿದ್ದರೆ ಗ್ಲೌಸಿನಲ್ಲಿ ಕಡಿಮೆ ಬೆಲೆಯದಕ್ಕೆ ಇಳಿಯಬಹುದೇ ಹೊರತು ಹೆಲ್ಮೆಟ್ ಬಿಡುವಂತಿಲ್ಲ.

ಹೊಸ ಗ್ಲೌಸ್ ಬಿರುಸಾಗಿರುತ್ತದೆ. ಕೆಲವು ದಿನ ಮನೆಯಲ್ಲೇ ತೊಟ್ಟು, ಗೋಡೆಗೆ ಚೆಂಡೆಸೆದು ಹಿಡಿಯುತ್ತಾ ಬಂದರೆ ಮಡಿಕೆಗಳು ಕೈಗೆ ತಕ್ಕಂತೆ ಬೀಳುತ್ತವೆ. ತೆಂಗಿನ ನಾಡಿನ ಮನೆಗಳಲ್ಲಿ ಬಿರುಸಾದ ಯಾವುದಕ್ಕೂ ಮೊದಲು ನೆನಪಾಗುವುದು ಕೊಬ್ಬರಿ ಎಣ್ಣೆ. ಆದರೆ ಎಣ್ಣೆ ರಬ್ಬರಿನ ಶತ್ರು. ಎಣ್ಣೆ ಕುಡಿದ ರಬ್ಬರು ಉಬ್ಬಿ, ಅಂಟಂಟಾಗಿ, ಕ್ರಮೇಣ ಮೊನೆಗಳನ್ನು ಕಳೆದುಕೊಳ್ಳುವುದರಿಂದ ಅಂಗೈ ಭಾಗಕ್ಕೆ ಅದನ್ನು ಸೋಕಿಸಲೇಬಾರದು. ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ಬೆವರಿನಿಂದ ನೆನೆದ ಗ್ಲೌಸನ್ನು ಚೀಲದೊಳಗೇ ಬಿಟ್ಟರೆ ಬೂಸ್ಟು ಹಿಡಿಯುತ್ತದೆ, ಸುಡುಬಿಸಿಲಿಗೆ ಹಾಕಿದರೆ ತೊಗಲು ಸೆಟೆದು ರಬ್ಬರು ಬಿರಿಯುತ್ತದೆ. ಅಟ್ಟದ ಮೇಲೆ ತಿಂಗಳುಗಟ್ಟಲೆ ನೆರಳಿನಲ್ಲೇ ಗಾಳಿಯಾಡಿಸಿ ಉಂಡೆ ಕೊಬ್ಬರಿಯನ್ನು ಹದ ಮಾಡುವ ಜನರಿಗೆ, ನೆರಳು ಮತ್ತು ಗಾಳಿಯಲ್ಲಿ ಒಣಗಿಸುವ ಬೆಲೆಯನ್ನು ಹೊರಗಿನವರು ಕಲಿಸಬೇಕಾದ್ದಿಲ್ಲ. ಒಳಗ್ಲೌಸನ್ನು ಮಾತ್ರ, ಹತ್ತಿಯದಾಗಿದ್ದರೆ, ಪ್ರತಿ ಪಂದ್ಯದ ನಂತರ ಒಗೆಯಬೇಕು.

ಕೈ ಬೆಳೆದು ಗ್ಲೌಸ್ ಚಿಕ್ಕದಾದಾಗ ಅದು ತಂಡದ ಇನ್ನೊಂದು ಚಿಕ್ಕ ಮಗುವಿಗೆ ಹೋಗುತ್ತದೆ, ಮತ್ತು ಊರಿನ ಆಟ ಬಾಳುವುದೇ ಹೀಗೆ ಕೈಯಿಂದ ಕೈಗೆ ದಾಟುವ ಸಾಮಾನಿನಿಂದ. ಕೊಡುವ ಮುನ್ನ ಮೂರು ಜಾಗ ನೋಡಬೇಕು: ಅಂಗೈಯ ಮೊನೆಗಳು ಸವೆದು ನುಣುಪಾಗಿವೆಯೇ, ಬೆರಳಿನ ಟೋಪಿ ಬಿರುಕು ಬಿಟ್ಟಿದೆಯೇ, ಹೆಬ್ಬೆರಳು ವೆಬ್ಬಿಗೆ ಕೂಡುವಲ್ಲಿ ಹೊಲಿಗೆ ಬಿಚ್ಚಿದೆಯೇ. ಹೊಲಿಗೆಯನ್ನು ಪೇಟೆಯಲ್ಲಿ ಚಪ್ಪಲಿ ಹೊಲಿಯುವವರು ದಪ್ಪ ದಾರದಿಂದ ಸರಿಮಾಡಿಕೊಡುತ್ತಾರೆ. ಬಿರುಕು ಬಿಟ್ಟ ಟೋಪಿಯ ಗ್ಲೌಸನ್ನು ಯಾವ ಮಗುವಿನ ಕೈಗೂ ಕೊಡಬಾರದು.