ಮೂರ್ಛೆರೋಗ: ಸ್ಕ್ಯಾನ್ ತೋರಿಸುವುದೇನು, ತೋರಿಸದಿರುವುದೇನು?

ಸಂತ ಮಾರ್ಕನ ಶುಭಸಂದೇಶದ ಒಂಬತ್ತನೆಯ ಅಧ್ಯಾಯದಲ್ಲಿ ತಂದೆಯೊಬ್ಬ ತನ್ನ ಮಗನನ್ನು ಪ್ರಭು ಯೇಸುವಿನ ಬಳಿಗೆ ಕರೆತರುತ್ತಾನೆ. ಹುಡುಗ ನೆಲಕ್ಕೆ ಬಿದ್ದು ಹೊರಳಾಡುತ್ತಾನೆ. ಬಾಯಲ್ಲಿ ನೊರೆ ಬರುತ್ತದೆ. ಶುಭಸಂದೇಶ ಅದನ್ನು ದುರಾತ್ಮದ ಕಾಟವೆಂದೇ ಹೇಳುತ್ತದೆ. ಆದರೆ ಆ ಲಕ್ಷಣಗಳನ್ನು ಓದಿದ ವೈದ್ಯರಿಗೆ ಮೂರ್ಛೆರೋಗದ ನೆನಪಾಗದಿರದು. ಗುಣಪಡಿಸುವ ಮುನ್ನ ಪ್ರಭು ತಂದೆಯನ್ನು ವಿಚಾರಿಸುವುದು, ಇದು ಎಷ್ಟು ಕಾಲದಿಂದ ಹೀಗಿದೆ ಎಂದು. ನರರೋಗ ತಜ್ಞರು ಇಂದಿಗೂ ಅಲ್ಲಿಂದಲೇ ಆರಂಭಿಸುತ್ತಾರೆ.

ನಮ್ಮ ಮನೆಗಳಲ್ಲಿ ನಡೆಯುವುದು ಬೇರೆ. ಮಗುವಿಗೆ ಫಿಟ್ಸ್ ಬಂದೊಡನೆ ಒಡವೆ ಅಡವಿಟ್ಟಾದರೂ ಸ್ಕ್ಯಾನ್ ಮಾಡಿಸುತ್ತೇವೆ. ‘ನಾರ್ಮಲ್’ ಎಂಬ ವರದಿ ಬಂದರೆ ರೋಗವೇ ಇಲ್ಲವೆಂದು ತಿಳಿದು ಮಾತ್ರೆ ನಿಲ್ಲಿಸುವವರೂ ಉಂಟು. ಮಾತ್ರೆ ಹಠಾತ್ತನೆ ನಿಂತರೆ ಸೆಳವು ಒಂದರ ಹಿಂದೊಂದು ಬಂದು ಪ್ರಾಣಕ್ಕೇ ಅಪಾಯವಾಗಬಹುದು.

ಸೆಳವೆಂಬುದು ಮೆದುಳಿನ ವಿದ್ಯುತ್ ಚಟುವಟಿಕೆಯಲ್ಲಿ ಏಳುವ ಬಿರುಗಾಳಿ. ಸ್ಕ್ಯಾನ್ ತೋರಿಸುವುದು ಮೆದುಳಿನ ರಚನೆಯನ್ನು. ಬಿರುಗಾಳಿ ಬೀಸಿಹೋದ ಮನೆಯ ಗೋಡೆಗಳು ನೆಟ್ಟಗೆ ನಿಂತಿರಬಹುದಲ್ಲವೇ? ವಿದ್ಯುತ್ತನ್ನು ದಾಖಲಿಸುವುದು ಇ.ಇ.ಜಿ.; 1924ರಲ್ಲಿ ಜರ್ಮನಿಯ ಹಾನ್ಸ್ ಬರ್ಗರ್ ಮನುಷ್ಯನ ಮೇಲೆ ಇದನ್ನು ಮೊದಲು ಸಾಧಿಸಿದರು. ಸೆಳವಿಲ್ಲದ ವೇಳೆ ಅದೂ ಸಹಜವಾಗಿರಬಹುದು.

ಹಾಗಾದರೆ ಸ್ಕ್ಯಾನ್ ಏತಕ್ಕೆ? ಕಾರಣವನ್ನು ಹುಡುಕಲು. 1971ರಲ್ಲಿ ಲಂಡನ್ನಿನಲ್ಲಿ ಮೊದಲ ರೋಗಿಯ ತಲೆಯನ್ನು ಪರೀಕ್ಷಿಸಿದ ಸಿ.ಟಿ. ಯಂತ್ರ ರಕ್ತಸ್ರಾವವನ್ನು ಬೇಗನೆ ತೋರಿಸುತ್ತದೆ. ತುರ್ತಿನಲ್ಲಿ ಅದೇ ಆಸರೆ. ಎಂ.ಆರ್.ಐ. ಕ್ಷ-ಕಿರಣವಿಲ್ಲದೆ, ಅಯಸ್ಕಾಂತದ ಬಲದಿಂದ ಸೂಕ್ಷ್ಮ ದೋಷಗಳನ್ನೂ ಹಿಡಿಯುತ್ತದೆ. ನೆನಪಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್ ಎಂಬ ಪುಟ್ಟ ಭಾಗ ಕುಗ್ಗಿ ಕಲೆಗಟ್ಟಿದ್ದರೆ ಅದು ಕಾಣುವುದು ಇಲ್ಲಿಯೇ. ಎರಡು ಸೂಕ್ತ ಔಷಧಗಳನ್ನು ಸರಿಯಾಗಿ ಸೇವಿಸಿದರೂ ಸೆಳವು ನಿಲ್ಲದವರಿಗೆ ಈ ಚಿತ್ರವೇ ಶಸ್ತ್ರಚಿಕಿತ್ಸೆಯ ದಾರಿ ತೆರೆಯಬಹುದು. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ 1995ರಿಂದ ಇಂಥ ಚಿಕಿತ್ಸೆ ನಡೆದುಬಂದಿದೆ.

ನಮ್ಮ ದೇಶದ ಸ್ಕ್ಯಾನುಗಳಲ್ಲಿ ಕಾಣುವ ಇನ್ನೊಂದು ಕಾರಣ ಲಾಡಿಹುಳುವಿನ ಮರಿಯ ಗುಳ್ಳೆ. ಹಬ್ಬದ ಹಂದಿಮಾಂಸವನ್ನೇ ನೇರವಾಗಿ ದೂರುವುದು ಸರಿಯಲ್ಲ. ಸರಿಯಾಗಿ ಬೇಯದ ಮಾಂಸದಿಂದ ಹುಳು ಬೆಳೆಯುವುದು ಕರುಳಿನಲ್ಲಿ. ಅಂಥವರ ಮಲದಲ್ಲಿನ ಮೊಟ್ಟೆಗಳು ತೊಳೆಯದ ಕೈ, ಹಸಿ ತರಕಾರಿಗಳ ಮೂಲಕ ಹೊಟ್ಟೆ ಸೇರಿದಾಗ ಗುಳ್ಳೆ ಮೆದುಳಿನಲ್ಲಿ ಏಳುತ್ತದೆ. ಶುದ್ಧ ಸಸ್ಯಾಹಾರಿಗೂ ಇದು ತಪ್ಪಿದ್ದಲ್ಲ.

ಎಲ್ಲರಿಗೂ ಸ್ಕ್ಯಾನ್ ಬೇಕಿಲ್ಲ. ಎಳೆಯ ಮಕ್ಕಳಿಗೆ ಜ್ವರದೊಡನೆ ಬಂದು ಬೇಗನೆ ನಿಲ್ಲುವ ಸಾಮಾನ್ಯ ಸೆಳವಿಗೆ ವೈದ್ಯರು ಅದನ್ನು ಬರೆದುಕೊಡದಿದ್ದರೆ ಅಸಡ್ಡೆಯೆಂದು ಮುನಿಯಬೇಕಿಲ್ಲ.

1917ರ ಧರ್ಮಸಭೆಯ ಕಾನೂನು ಸಂಹಿತೆ ಮೂರ್ಛೆರೋಗಿಗಳಿಗೆ ಗುರುದೀಕ್ಷೆಯನ್ನು ತಡೆದಿತ್ತು. 1983ರ ಸಂಹಿತೆಯಲ್ಲಿ ಆ ತಡೆಯಿಲ್ಲ. ನಾವು ಮಾತ್ರ ಮದುವೆಯ ಮಾತು ಬಂದೊಡನೆ ಹಳೆಯ ಫಿಲ್ಮುಗಳನ್ನು ಕಪಾಟಿನ ತಳಕ್ಕೆ ತಳ್ಳುತ್ತೇವೆ. ಮುಂದಿನ ಭೇಟಿಗೆ ಅವನ್ನು ತಪ್ಪದೆ ಒಯ್ಯಿರಿ. ಸೆಳವನ್ನು ಕಣ್ಣಾರೆ ಕಂಡವರು ಜೊತೆಗಿರಲಿ: ತಲೆ ಯಾವ ಕಡೆಗೆ ತಿರುಗಿತು, ಮೊದಲು ಅದುರಿದ್ದು ಯಾವ ಕೈ, ಎಷ್ಟು ನಿಮಿಷ ನಡೆಯಿತು ಎಂಬುದನ್ನು ಅವರೇ ಹೇಳಬೇಕು. ಮೊಬೈಲಿನಲ್ಲಿ ಚಿತ್ರೀಕರಿಸಿದ್ದರೆ ಅದನ್ನೂ ತೋರಿಸಿರಿ.