ಹಳೇ ಕಾರಿನ ಡೋರ್ ಪೂರ್ತಿ ಹೋಗಿ ಬಡಿಯುತ್ತಾ? ಒಂದು ಪಟ್ಟಿ ಹಾಕಿಸಿದ್ರೆ ಸಾಕು!

ಸಂತೆ ದಿನ. ಬಜಾರ್ ರಸ್ತೆಯಲ್ಲಿ ಹಳೇ ಅಂಬಾಸಿಡರ್ ನಿಲ್ಲಿಸಿ ಡೋರ್ ತೆಗೀತೀರಿ. ಗಾಳಿಗೋ ಇಳಿಜಾರಿಗೋ ಡೋರ್ ಕೈತಪ್ಪಿ ಪೂರ್ತಿ ಮುಂದಕ್ಕೆ ಹೋಗಿ ಮಡ್‌ಗಾರ್ಡ್‌ಗೆ ಢಬ್ ಅಂತ ಬಡಿಯುತ್ತೆ. ಪೇಂಟ್ ಹೋಯ್ತು, ತಗಡು ನೆಗ್ಗಿತು. ಅದೇ ಹೊತ್ತಿಗೆ ಪಕ್ಕದಲ್ಲಿ ಬೈಕ್ ಬರುತ್ತಿದ್ದರೆ ಕಥೆಯೇ ಬೇರೆ.

ಡೋರ್ ಹೀಗೆ ಅಂಕೆ ಮೀರಿ ತೆರೆದುಕೊಳ್ಳುತ್ತಿದ್ದರೆ ಮೊದಲು ನೋಡಬೇಕಾದ್ದು ಡೋರ್ ಚೆಕ್ ಪಟ್ಟಿ. ಗಾಡಿಯಲ್ಲಿ ಅದು ಕಿತ್ತುಹೋಗಿರಬಹುದು, ಸವೆದಿರಬಹುದು.

ಏನಿದು ಚೆಕ್ ಪಟ್ಟಿ?

ಡೋರ್ ಎಷ್ಟು ದೂರ ತೆರೆದುಕೊಳ್ಳಬೇಕು ಅಂತ ಮಿತಿ ಹಾಕುವ ಸಾಮಾನು ಇದು. ಈಗಿನ ಕಾರುಗಳಲ್ಲಿ ಎರಡು ಹಿಂಜ್‌ಗಳ ನಡುವೆ ಗುಳಿ ಇರುವ ಕಬ್ಬಿಣದ ತೋಳು ಇರುತ್ತೆ. ಡೋರ್ ತೆಗೆದಾಗ 'ಟಕ್, ಟಕ್' ಅಂತ ಎರಡು ಕಡೆ ನಿಲ್ಲುವುದು ಅದರಿಂದಲೇ. ಹಲವು ಹಳೇ ಗಾಡಿಗಳಲ್ಲಿ ಇದ್ದದ್ದು ಬರೀ ಚರ್ಮದ ಅಥವಾ ಕ್ಯಾನ್ವಾಸ್ ಪಟ್ಟಿ. ಒಂದು ತುದಿ ಬಾಡಿಗೆ, ಇನ್ನೊಂದು ಡೋರ್‌ಗೆ.

ಈ ಪಟ್ಟಿಯ ಬೆಲೆ ಚೆನ್ನಾಗಿ ಗೊತ್ತಿರೋದು ಅಮೆರಿಕದಲ್ಲಿ ಹಾಟ್ ರಾಡ್ ಕಟ್ಟುವವರಿಗೆ. ಹಳೇ ಫೋರ್ಡ್ ಕಾರು ತಂದು, ಭಾರ ಇಳಿಸಿ, ದೊಡ್ಡ ಇಂಜಿನ್ ಕೂರಿಸಿ ಓಡಿಸುವ ಗಾಡಿಗಳೇ ಹಾಟ್ ರಾಡ್. ಅವರಿಗೆ ಅಚ್ಚುಮೆಚ್ಚಾದ 1932ರ ಫೋರ್ಡ್‌ನ ಮೂರು ಕಿಟಕಿಯ ಕೂಪೆಯಲ್ಲಿ ಡೋರ್‌ನ ಹಿಂಜ್ ಹಿಂಭಾಗದಲ್ಲಿದೆ. ಓಡುವಾಗ ಲಾಕ್ ಬಿಟ್ಟರೆ ಎದುರು ಗಾಳಿಯೇ ಡೋರ್ ಎಳೆದು ಹಿಂದಿನ ಬಾಡಿಗೆ ಬಡಿಸುತ್ತೆ. ಅದಕ್ಕೇ ಅಲ್ಲಿ ಗಾಡಿ ಕಟ್ಟುವಾಗ ಪಟ್ಟಿ ಮರೆಯುವಂತಿಲ್ಲ.

ಹಾಕಿಸೋದು ಹೇಗೆ?

1. ಮೊದಲು ಹಿಂಜ್ ನೋಡಿ: ಡೋರ್ ತೆಗೆದು ತುದಿ ಹಿಡಿದು ಮೇಲಕ್ಕೆತ್ತಿ. ಅಲುಗಾಡಿದರೆ ಹಿಂಜ್ ಪಿನ್ ಸವೆದಿದೆ ಅಂತ ಅರ್ಥ. ಅದನ್ನು ಮೊದಲು ಸರಿಮಾಡಿಸಿ. ಡೋರ್ ಭಾರ ಹೊರುವುದು ಪಟ್ಟಿಯ ಕೆಲಸ ಅಲ್ಲ.

2. ದಾರ ಕಟ್ಟಿ ಅಳತೆ ತೆಗೀರಿ: ಒಬ್ಬರು ನಿಧಾನಕ್ಕೆ ಡೋರ್ ತೆಗೆಯಲಿ, ಇನ್ನೊಬ್ಬರು ಸಂದು ನೋಡಲಿ. ಡೋರ್ ಬಾಡಿಗೆ ತಾಗಲು ಎರಡು ಬೆರಳು ಜಾಗ ಇರುವಾಗಲೇ ನಿಲ್ಲಿಸಿ. ಅಲ್ಲಿಗೆ ಗಟ್ಟಿ ದಾರ ಕಟ್ಟಿ ನೋಡಿದರೆ ಪಟ್ಟಿಯ ಉದ್ದ ಸಿಕ್ಕಿತು.

3. ಜಾಗ ಆರಿಸಿ: ಎರಡು ಹಿಂಜ್‌ಗಳ ನಡುವೆ ಕೂರಿಸುವುದು ವಾಡಿಕೆ. ಹಿಂಜ್‌ಗೆ ತೀರಾ ಹತ್ತಿರ ಬೇಡ. ಮೂರಡಿ ಡೋರ್‌ನಲ್ಲಿ ಹಿಂಜ್‌ನಿಂದ ಮೂರೇ ಇಂಚಿಗೆ ಪಟ್ಟಿ ಹಾಕಿದರೆ, ತುದಿಯಲ್ಲಿ 5 ಕೆಜಿ ಒತ್ತಿದಾಗ ಪಟ್ಟಿಯ ಮೇಲೆ ಕನಿಷ್ಠ 60 ಕೆಜಿ ಎಳೆತ ಬೀಳುತ್ತೆ. ದೂರ ಹೋದಷ್ಟೂ ಎಳೆತ ಕಡಿಮೆ, ಆದರೆ ಪಟ್ಟಿ ಉದ್ದ ಆಗುತ್ತೆ.

4. ಸರಿಯಾದ ಪಟ್ಟಿ: ಒಂದಿಂಚು ಅಗಲದ ದಪ್ಪ ಚರ್ಮವನ್ನು ಎರಡು ಪದರ ಹೊಲಿಸಬಹುದು, ಇಲ್ಲವೇ ಸೀಟ್ ಬೆಲ್ಟ್‌ನಂಥ ನೈಲಾನ್ ಪಟ್ಟಿ ಬಳಸಬಹುದು. ಸೀಟ್ ಕುಶನ್ ಹೊಲಿಯುವವರು ಮಾಡಿಕೊಡುತ್ತಾರೆ. ನೈಲಾನ್ ತುದಿಗೆ ಬೆಂಕಿ ತಾಗಿಸಿದರೆ ಎಳೆ ಬಿಡಲ್ಲ. ಚರ್ಮಕ್ಕೆ ಆಗಾಗ ಎಣ್ಣೆ ಸವರಬೇಕು. ಸೈಕಲ್ ಟ್ಯೂಬ್ ಮಾತ್ರ ಕಟ್ಟಬೇಡಿ. ಅದು ಹಿಗ್ಗುತ್ತೆ, ಡೋರ್ ಹೋಗಿ ಬಡಿಯುವುದು ತಪ್ಪಲ್ಲ.

5. ನಟ್-ಬೋಲ್ಟ್ ಹಾಕಿಸಿ: ತೆಳು ತಗಡಿಗೆ ಬರೀ ಸ್ಕ್ರೂ ಹೊಡೆದರೆ ನಾಲ್ಕು ದಿನಕ್ಕೆ ಕಿತ್ತು ಬರುತ್ತೆ. ಹಿಂದೆ ಅಗಲ ವಾಷರ್ ಅಥವಾ ಚಿಕ್ಕ ಕಬ್ಬಿಣದ ಪಟ್ಟೆ ಕೊಟ್ಟು ಬೋಲ್ಟ್ ಬಿಗಿಯಬೇಕು. ತೂತು ಹೊಡೆಯುವ ಮೊದಲು ಡೋರ್‌ನ ಒಳಹೊದಿಕೆ ಬಿಚ್ಚಿ, ಗ್ಲಾಸ್ ಮೇಲೆ ಕೆಳಗೆ ಮಾಡಿ, ಅಡ್ಡ ಏನೂ ಬರುತ್ತಿಲ್ಲ ಅಂತ ಖಚಿತ ಮಾಡಿಕೊಳ್ಳಿ.

6. ಮುಚ್ಚಿ ನೋಡಿ: ಡೋರ್ ಹಾಕುವಾಗ ಪಟ್ಟಿ ಒಳಕ್ಕೆ ಮಡಚಿಕೊಳ್ಳಬೇಕು. ಸಂದಿಗೆ ಸಿಕ್ಕರೆ ಪಟ್ಟಿ ಹರಿಯುತ್ತೆ, ಡೋರೂ ಸರಿಯಾಗಿ ಕೂರಲ್ಲ. ಹತ್ತು ಸಲ ನಿಧಾನಕ್ಕೆ ತೆಗೆದು ಹಾಕಿ ನೋಡಿದ ಮೇಲೇ ಗ್ಯಾರೇಜ್ ಬಿಡಿ.

ವಿಂಟೇಜ್ ಗಾಡಿ ಇದ್ದವರು ಗಮನಿಸಿ

50 ವರ್ಷ ದಾಟಿದ ಗಾಡಿಗಳನ್ನು ವಿಂಟೇಜ್ ಅಂತ ನೋಂದಾಯಿಸಲು 2021ರಲ್ಲಿ ಕೇಂದ್ರ ಸರ್ಕಾರ ನಿಯಮ ತಂದಿದೆ. ಚಾಸಿ, ಬಾಡಿ, ಇಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು ಅನ್ನೋದು ಷರತ್ತು. ಅಂಥ ಗಾಡಿಗೆ ಹೊಸ ತೂತು ಹೊಡೆಸುವ ಬದಲು ಕಂಪನಿಯಿಂದ ಬಂದ ಜಾಗದಲ್ಲೇ ಪಟ್ಟಿ ಕೂರಿಸುವುದು ಒಳ್ಳೇದು.

ಪಟ್ಟಿ ಮಾಡದ ಕೆಲಸ

ಪಟ್ಟಿ ಡೋರನ್ನು ತಡೆಯುತ್ತೆ ಅಷ್ಟೇ, ತೆರೆದೇ ಹಿಡಿದು ನಿಲ್ಲಿಸಲ್ಲ. ಇಳಿಜಾರಲ್ಲಿ ಡೋರ್ ವಾಪಸ್ ಬಂದು ಮಕ್ಕಳ ಬೆರಳು ಸಿಕ್ಕಿಕೊಳ್ಳಬಹುದು. ಹಾಗಾಗಿ ಹತ್ತಿ ಇಳಿಯುವಾಗ ಒಬ್ಬರು ಡೋರ್ ಹಿಡಿದುಕೊಂಡಿರಲಿ.

ಹಿಂದಿನಿಂದ ಬರುವ ಬೈಕನ್ನೂ ಪಟ್ಟಿ ನೋಡಲ್ಲ. ಡ್ರೈವರ್ ಸೀಟಲ್ಲಿ ಕೂತವರು ಬಲಗೈ ಬದಲು ಎಡಗೈಯಿಂದ ಡೋರ್ ತೆಗೆಯುವ ಅಭ್ಯಾಸ ಮಾಡಿಕೊಂಡರೆ ಮೈ ತಾನಾಗಿಯೇ ತಿರುಗಿ, ಕಣ್ಣು ರಸ್ತೆಯ ಕಡೆ ಹೋಗುತ್ತೆ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಹೊಸ ಕಾರಿನವರಿಗೂ ಇದೇ ಮಾತು.