ಗಾಡಿಯ ಸದ್ದು ಕೇಳೋಣ

ನಾವು ಮಸ್ಕಿ ಹತ್ತಿರದ ಹಳ್ಳಿಯ ಹೆಣ್ಣುಮಕ್ಕಳು. ಭತ್ತದ ಸಸಿ ಹಚ್ಚುತ್ತೇವೆ. ಹತ್ತಿ ಬಿಡಿಸುತ್ತೇವೆ. ಒಂದು ಕಡೆ ಹೋದರೆ ಸಿಂಧನೂರು. ಇನ್ನೊಂದು ಕಡೆ ಹೋದರೆ ಲಿಂಗಸುಗೂರು. ಕೂಲಿಗೆ, ಸಂತೆಗೆ, ದವಾಖಾನೆಗೆ ಗಾಡಿ ಹತ್ತಲೇಬೇಕು.

ನಮ್ಮ ಸಂಘದ ಒಬ್ಬ ಅಕ್ಕ ಸಾಲ ಪಡೆದು ಮಗನಿಗೆ ಹಳೆಯ ಬಾಡಿಗೆ ಕಾರು ಕೊಡಿಸಿದ್ದಳು. ಒಂದು ದಿನ ಅದರಲ್ಲೇ ಲಿಂಗಸುಗೂರಿಗೆ ಹೊರಟೆವು. ಹುಡುಗ ಎಕ್ಸಲೇಟರ್ ತುಳಿದಾಗಲೆಲ್ಲ ‘ಟಕ್ ಟಕ್ ಟಕ್’ ಎಂಬ ಸದ್ದು. ಕಾಲು ತೆಗೆದರೆ ಸದ್ದು ಕಡಿಮೆ.

ಅಕ್ಕನ ಮುಖ ಬಾಡಿತು. “ಹೋದ ವಾರ ಒಬ್ಬ ಮಿಸ್ತ್ರಿ ನೋಡಿದ. ಇಂಜಿನ್ ಬಿಚ್ಚಬೇಕು ಅಂದ. ಅಷ್ಟು ರೊಕ್ಕ ಎಲ್ಲಿಂದ ತರ್ಲಿ? ಸಾಲದ ಕಂತು ಹೆಂಗ ಕಟ್ಲಿ?” ಅಂದಳು.

ನಾವು ಅಂದೆವು: “ಹಿಟ್ಟಿನ ಗಿರಣಿ ಸದ್ದು ಬದಲಾದ್ರ ನಮಗ ಗೊತ್ತಾಗ್ತೈತಿ. ಇದನ್ನೂ ಕಿವಿಗೊಟ್ಟು ಕೇಳೋಣ.”

ಹುಡುಗ ನಕ್ಕ. “ನಿಮಗೇನು ತಿಳೀತೈತಿ ಬಿಡ್ರಿ, ದೊಡ್ಡವ್ವ” ಅಂದ. ಆದರೂ ಗಾಡಿ ನಿಲ್ಲಿಸಿದ. ನಾವು ಮೂರು ಸಲ ಪರೀಕ್ಷೆ ಮಾಡಿದೆವು.

ಮೊದಲನೆಯದು. ಗಾಡಿ ನಿಂತಿತ್ತು. ಹ್ಯಾಂಡ್ ಬ್ರೇಕ್ ಎಳೆದು, ಗೇರ್ ಇಲ್ಲದೆ ರೇಸ್ ಕೊಟ್ಟ. ಇಂಜಿನ್ ಜೋರಾಗಿ ತಿರುಗಿತು. ಟಕ್ ಟಕ್ ಬರಲಿಲ್ಲ.

ಎರಡನೆಯದು. ಖಾಲಿ ರಸ್ತೆಯಲ್ಲಿ ಗಾಡಿ ಓಡಿಸಿದ. ಅದೇ ವೇಗದಲ್ಲಿ ಗೇರ್ ಬದಲಿಸಿದ. ಇಂಜಿನ್ನಿನ ಸದ್ದು ಇಳಿಯಿತು. ಟಕ್ ಟಕ್ ಮಾತ್ರ ಮೊದಲಿನ ತಾಳದಲ್ಲೇ ಇತ್ತು. ಅಂದರೆ ಅದು ಇಂಜಿನ್ ಜೊತೆ ತಿರುಗುವ ಸದ್ದಲ್ಲ, ಗಾಲಿ ಜೊತೆ ತಿರುಗುವ ಸದ್ದು.

ಮೂರನೆಯದು. ನಿಧಾನವಾಗಿ ಗಾಡಿ ತಿರುಗಿಸುತ್ತ ಎಕ್ಸಲೇಟರ್ ತುಳಿದ. ಟಕ್ ಟಕ್ ಇನ್ನೂ ಜೋರಾಯಿತು.

ನಮ್ಮಲ್ಲಿ ಒಬ್ಬಳ ಚೀಲದಲ್ಲಿ ನೋಟ್‌ಬುಕ್ ಇತ್ತು. ಕಲಿಕಾ ಕೇಂದ್ರದಲ್ಲಿ ಬರೆಯಲು ಕಲಿತ ಅಕ್ಷರಗಳಲ್ಲಿ ಅವಳು ಬರೆದಳು: ‘ನಿಂತಾಗ ಇಲ್ಲ. ವೇಗ ಹೆಚ್ಚಿಸಿದರೆ ಇದೆ. ತಿರುಗಿದರೆ ಜಾಸ್ತಿ. ಮುಂದಿನ ಎಡಗಾಲಿ ಕಡೆ.’

ನಿಧಾನವಾಗಿ ಮಸ್ಕಿಗೆ ವಾಪಸ್ ಬಂದೆವು. ಅಲ್ಲಿ ಬೇರೆ ಮಿಸ್ತ್ರಿಗೆ ಆ ಹಾಳೆ ಕೊಟ್ಟೆವು. ವಯಸ್ಸಾದ ಮನುಷ್ಯ. ಎರಡು ಸಲ ಓದಿದ. “ಇದನ್ನ ಬರೆದವರು ಯಾರವ್ವ? ಅರ್ಧ ಕೆಲಸ ನೀವೇ ಮಾಡೀರಿ” ಅಂದ. ಗಾಡಿಯ ಕೆಳಗೆ ಹೋಗಿ ನೋಡಿದ. ಇಂಜಿನ್ ಮುಟ್ಟಲೇ ಇಲ್ಲ.

ಆಗಿದ್ದು ಇಷ್ಟು. ಇಂಥ ಕಾರಿನಲ್ಲಿ ಇಂಜಿನ್ನಿನ ಬಲ ಒಂದು ಕಬ್ಬಿಣದ ದಂಡದ ಮೂಲಕ ಮುಂದಿನ ಗಾಲಿಗೆ ಹೋಗುತ್ತದೆ. ಅದಕ್ಕೆ ಆಕ್ಸಲ್ ಎನ್ನುತ್ತಾರೆ. ಗಾಲಿ ಎಡಕ್ಕೆ ಬಲಕ್ಕೆ ಹೊರಳಬೇಕಲ್ಲ? ಅದಕ್ಕಾಗಿ ದಂಡದ ತುದಿಗೆ ಮೊಣಕಾಲಿನಂಥ ಒಂದು ಕೀಲು ಇದೆ. ಕೀಲಿನ ಒಳಗೆ ಗುಂಡುಗಳು. ಗುಂಡಿಗೆ ಗ್ರೀಸ್. ಗ್ರೀಸ್ ಹೊರಗೆ ಹೋಗದಂತೆ ರಬ್ಬರಿನ ಚೀಲ. ಆ ರಬ್ಬರ್ ಹರಿದಿತ್ತು. ಗ್ರೀಸ್ ಹೊರಗೆ ಚೆಲ್ಲಿತ್ತು. ಧೂಳು ಒಳಗೆ ಸೇರಿ ಕೀಲು ಸವೆದಿತ್ತು. ಎಕ್ಸಲೇಟರ್ ತುಳಿದಾಗ ಬಲವೆಲ್ಲ ಆ ಕೀಲಿನ ಮೇಲೆ ಬೀಳುತ್ತದೆ. ಸವೆದ ಕೀಲು ಆಗ ಸದ್ದು ಮಾಡುತ್ತದೆ.

“ರಬ್ಬರ್ ಹರಿದ ಕೂಡಲೇ ಬಂದಿದ್ರ ರಬ್ಬರ್, ಗ್ರೀಸಿನಾಗ ಮುಗೀತಿತ್ತು. ಈಗ ಕೀಲೂ ಹಾಕಬೇಕು. ಇನ್ನೂ ಬಿಟ್ಟಿದ್ರ ಕೀಲು ಮುರಿದು ಗಾಡಿ ನಡುರಸ್ತೆಯಾಗ ನಿಲ್ತಿತ್ತು” ಅಂದ ಮಿಸ್ತ್ರಿ.

ಖರ್ಚು ಆಯಿತು. ಆದರೆ ಇಂಜಿನ್ ಬಿಚ್ಚುವುದು ತಪ್ಪಿತು. ಅಕ್ಕ ಆ ತಿಂಗಳ ಕಂತು ಕಟ್ಟಿದಳು.

ಬೇರೆ ಸದ್ದುಗಳೂ ಇವೆ. ಅವನ್ನೂ ತಿಳಿಯೋಣ.

ಕಿರ್ರ್ ಎಂದು ಕಿರುಚಿದರೆ: ಬೆಲ್ಟ್ ಸಡಿಲಾಗಿರಬಹುದು, ಇಲ್ಲವೇ ಸವೆದಿರಬಹುದು. ಅನೇಕ ಗಾಡಿಗಳಲ್ಲಿ ಇಂಜಿನ್ ತಂಪು ಮಾಡುವ ನೀರಿನ ಪಂಪು ಬೆಲ್ಟಿನಿಂದಲೇ ತಿರುಗುತ್ತದೆ. ಅದು ಕಡಿದರೆ ಇಂಜಿನ್ ಕಾಯುತ್ತದೆ.

ಪಟ್ ಪಟ್, ಬುಸ್ ಬುಸ್ ಎಂದರೆ: ಸೈಲೆನ್ಸರ್ ಕೊಳವೆ ಒಡೆದಿರಬಹುದು. ಹೊಗೆಯಲ್ಲಿ ಒಂದು ವಿಷದ ಗಾಳಿ ಇರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಗಾಡಿಯಲ್ಲಿ ತಲೆನೋವು, ತಲೆಸುತ್ತು ಬಂದರೆ ಕಿಟಕಿ ತೆಗೆಸಿ. ಗಾಡಿ ನಿಲ್ಲಿಸಿ ಇಳಿಯಿರಿ.

ಗಾಲಿಯಲ್ಲಿ ಕಟ ಕಟ ಎಂದು, ಸ್ಟೇರಿಂಗ್ ನಡುಗಿದರೆ: ಗಾಲಿಯ ನಟ್ಟು ಸಡಿಲಾಗಿರಬಹುದು. ಪಂಚರ್ ಹಾಕಿಸಿದ ಮೇಲೆ ಹೀಗಾಗುವುದುಂಟು. ಒಂದು ಹೆಜ್ಜೆಯೂ ಮುಂದೆ ಹೋಗಬಾರದು. ನಿಲ್ಲಿಸಿ ನಟ್ಟು ಬಿಗಿ ಮಾಡಿಸಬೇಕು.

ಇಂಜಿನ್ ಜೋರಾಗಿ ಕೂಗಿದರೂ ಗಾಡಿ ಓಡದಿದ್ದರೆ: ಕ್ಲಚ್ ಸವೆದಿರಬಹುದು. ಸುಟ್ಟ ವಾಸನೆಯೂ ಬರಬಹುದು.

ಒಂದು ಎಚ್ಚರ. ಇಂಜಿನ್ ಚಾಲೂ ಇದ್ದಾಗ ಬಾನೆಟ್ ಹತ್ತಿರ ಬಗ್ಗಬೇಡಿ. ಸೆರಗು, ಜಡೆ, ಬಳೆ ಬೆಲ್ಟಿಗೆ ಸಿಗುತ್ತವೆ. ಬರೀ ಜಾಕ್ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ಹೋಗಬಾರದು.

ನಮ್ಮ ಮಸ್ಕಿಯ ಕಲ್ಲಿನ ಮೇಲೆ ಅಶೋಕ ಚಕ್ರವರ್ತಿಯ ಶಾಸನ ಇದೆ. 1915ರಲ್ಲಿ ಅದು ಪತ್ತೆಯಾಯಿತು. ಅದರಲ್ಲಿ ಅಶೋಕ ಎಂಬ ಹೆಸರೇ ಇದೆ. ಅಕ್ಷರ ಓದಬಲ್ಲವರು ಬಂದ ಮೇಲೆ ಆ ಹೆಸರು ಎಲ್ಲರಿಗೂ ತಿಳಿಯಿತು. ಸದ್ದೂ ಹಾಗೇ. ಕಿವಿಗೊಟ್ಟು ಕೇಳಿದರೆ ತಿಳಿಯುತ್ತದೆ.

ಗಾಡಿ ಓಡಿಸುವವನು ಒಬ್ಬ. ಒಳಗೆ ಕೂತವರು ಹತ್ತು ಮಂದಿ. ಜೀವ ಎಲ್ಲರದೂ. ಸದ್ದು ಕೇಳಿದರೆ “ತಮ್ಮಾ, ಗಾಡಿ ನಿಲ್ಸು” ಎನ್ನಲು ನಾಚಬಾರದು.

ನೆನಪಿಡೋಣ: ಸದ್ದು ಯಾವಾಗ ಬಂತು? ಎಲ್ಲಿಂದ ಬಂತು? ಯಾವಾಗ ನಿಂತಿತು? ಈ ಮೂರನ್ನೂ ಬರೆದಿಡೋಣ.

ಮಾತಾಡೋಣ: ನೀವು ಕೂಲಿಗೆ ಹೋಗುವ ಗಾಡಿಯಲ್ಲಿ ಎಂಥ ಸದ್ದು ಕೇಳಿದ್ದೀರಿ? ಆಗ ಏನು ಮಾಡಿದಿರಿ?